ಟೇ ನದಿಯೋ, ಸ್ಪೇ ನದಿಯೋ? ಸಾಲ್ಮನ್‌ಗೆ ಗಾಳ ಹಾಕುವ ಮುನ್ನ

ಸ್ಕಾಟ್ಲೆಂಡಿನಲ್ಲಿ ಸಾಲ್ಮನ್ ಹಿಡಿಯುವ ಆಸೆ, ಕೈಯಲ್ಲಿರುವುದು ಒಂದೇ ವಾರದ ರಜೆ. ಹಾಗಿದ್ದರೆ ಮೊದಲು ಒಂದನ್ನು ನಿರ್ಧರಿಸಿ: ದೋಣಿಯಲ್ಲಿ ಕೂರುತ್ತೀರೋ, ನೀರಿಗಿಳಿಯುತ್ತೀರೋ?

ಟೇ ಸ್ಕಾಟ್ಲೆಂಡಿನ ಅತಿ ಉದ್ದದ ನದಿ. ಕೆಳಭಾಗದಲ್ಲಿ ಪಾತ್ರ ಬಹಳ ಅಗಲ, ಹಾಗಾಗಿ ದೋಣಿಯಿಂದ ಗಾಳ ಹಾಕುವ ರೂಢಿ ಹಳೆಯದು. 1922ರ ಅಕ್ಟೋಬರ್‌ನಲ್ಲಿ ಜಾರ್ಜಿನಾ ಬ್ಯಾಲಂಟೈನ್ ಇಲ್ಲೇ 64 ಪೌಂಡಿನ, ಅಂದರೆ ಸುಮಾರು 29 ಕಿಲೋ ತೂಗುವ ಸಾಲ್ಮನ್ ಹಿಡಿದರು. ದೋಣಿಗೆ ಹುಟ್ಟು ಹಾಕುತ್ತಿದ್ದವರು ಅವರ ತಂದೆ. ಗಾಳದಲ್ಲಿ ಅದಕ್ಕಿಂತ ದೊಡ್ಡ ಸಾಲ್ಮನ್ ಹಿಡಿದ ದಾಖಲೆ ಬ್ರಿಟನ್ನಿನಲ್ಲಿ ಇಂದಿಗೂ ಇಲ್ಲ. ಮಂಡಿನೋವಿದ್ದವರಿಗೆ, ಹೊಸಬರಿಗೆ ನಾನು ಟೇ ಎಂದೇ ಹೇಳುತ್ತೇನೆ.

ಸ್ಪೇ ರಭಸದ ನದಿ. ತೊಡೆಮಟ್ಟದ ತಣ್ಣೀರಲ್ಲಿ ನಿಲ್ಲಬೇಕು, ಕಾಲಡಿ ಉರುಟು ಕಲ್ಲು. ಬೆನ್ನ ಹಿಂದೆಯೇ ಮರಗಳು, ದಾರವನ್ನು ಹಿಂದಕ್ಕೆ ಬೀಸಲು ಜಾಗವಿಲ್ಲ. ಎರಡೂ ಕೈಯಲ್ಲಿ ಉದ್ದನೆಯ ಕೋಲು ಹಿಡಿದು, ದಾರವನ್ನು ನೀರಿಗೆ ತಾಗಿಸಿ ಸುರುಳಿಯಾಗಿ ಮುಂದಕ್ಕೆಸೆಯುವ ಸ್ಪೇ ಕಾಸ್ಟಿಂಗ್ ಹುಟ್ಟಿದ್ದು ಇಂಥ ದಡದಲ್ಲೇ. ಮೀನು ಸಿಗದಿದ್ದರೂ ಆ ಎಸೆತ ಕಲಿತ ಖುಷಿ ದೊಡ್ಡದು. ನನ್ನ ಒಲವು ಇತ್ತಲೇ.

ಸಾಲ್ಮನ್ ಹಿಡಿಯುವ ಋತು ಟೇಯಲ್ಲಿ ಜನವರಿ 15ಕ್ಕೇ ಶುರುವಾಗುತ್ತದೆ, ಸ್ಪೇಯಲ್ಲಿ ಫೆಬ್ರವರಿ 11ಕ್ಕೆ. ಭಾನುವಾರ ಎರಡರಲ್ಲೂ ಸಾಲ್ಮನ್ ಹಿಡಿಯುವಂತಿಲ್ಲ.

ಯಾವ ನದಿಗೆ ಹೋದರೂ ಮೀನನ್ನು ಮರಳಿ ಬಿಡುವ ಮನಸ್ಸು ಮಾಡಿಕೊಂಡೇ ಹೋಗಿ. ಬ್ರಿಟನ್ನಿನ ಅಟ್ಲಾಂಟಿಕ್ ಸಾಲ್ಮನ್ 2023ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿದೆ. ಕೈ ಒದ್ದೆ ಮಾಡಿಕೊಂಡು, ನೀರಿನಿಂದ ಎತ್ತದೆಯೇ ಗಾಳ ಬಿಡಿಸಿ. ಅದು ತಾನಾಗಿ ಬಾಲ ಬೀಸುವವರೆಗೆ ಹರಿವಿಗೆದುರಾಗಿ ಹಿಡಿದುಕೊಳ್ಳಿ.