ಫಾಸ್ಟ್‌ಟ್ರ್ಯಾಕ್‌ಗೆ ದುಪ್ಪಟ್ಟು ಕೊಡಬೇಕೇ? ಮೂರು ಬಗೆಯ ಕ್ಯೂ ಪಾಸ್‌ಗಳ ಹೋಲಿಕೆ

ಕಾರವಾರ, ಕುಮಟಾ ಕಡೆಯವರಾದರೆ ಸಂಜೆಯ ಪಂಚಗಂಗಾ ಎಕ್ಸ್‌ಪ್ರೆಸ್, ಶಿರಸಿಯವರಾದರೆ ರಾತ್ರಿ ಬಸ್ಸು. ಬೆಳಿಗ್ಗೆ ಬೆಂಗಳೂರಲ್ಲಿ ಇಳಿದು ಬಿಡದಿಗೆ ಹೋಗಿ, ವಂಡರ್‌ಲಾ ಮುಗಿಸಿ ಅಂದೇ ರಾತ್ರಿ ವಾಪಸ್. ಕೈಯಲ್ಲಿರುವುದು ಒಂದೇ ದಿನ, ಗೇಟು ತೆರೆಯುವುದೇ 11ಕ್ಕೆ. ಹೀಗಿರುವಾಗ ಟಿಕೆಟ್ ಬುಕ್ ಮಾಡುವ ಹೊತ್ತಿಗೆ ಉದ್ದ ಸಾಲು ತಪ್ಪಿಸಿ ಬೇಗ ರೈಡ್ ಹತ್ತಿಸುವ ‘ಫಾಸ್ಟ್‌ಟ್ರ್ಯಾಕ್’ ಕಂಡರೆ ಕೈ ತಾನಾಗಿ ಅತ್ತ ಹೋಗುತ್ತದೆ. ಬೆಲೆ ಮಾತ್ರ ಮಾಮೂಲಿ ಟಿಕೆಟ್ಟಿನ ಹತ್ತಿರಹತ್ತಿರ ಎರಡು ಪಟ್ಟು. ಬೇರೆಬೇರೆ ಪಾರ್ಕುಗಳ ಪಾಸ್ ಬಳಸಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇಷ್ಟು: ದುಡ್ಡು ಗಿಟ್ಟುವುದೂ ಬಿಡುವುದೂ ಪಾಸಿಗಿಂತ ಹೆಚ್ಚಾಗಿ ನೀವು ಹೋಗುವ ವಾರ, ಹತ್ತುವ ರೈಡ್ ಮೇಲೆ ನಿಂತಿದೆ.

ಮೊದಲು ಕ್ಯೂ ಲೆಕ್ಕ. ಸಾಲಿನ ಉದ್ದ ನೋಡಿ ಹೆದರಬೇಡಿ, ಗಾಡಿ ಎಷ್ಟು ಹೊತ್ತಿಗೊಮ್ಮೆ ಹೊರಡುತ್ತದೆ ಎಂದು ವಾಚ್ ಹಿಡಿದು ನೋಡಿ. ಸಲಕ್ಕೆ 24 ಜನ, ಹತ್ತಿಸಿ ಇಳಿಸುವುದೂ ಸೇರಿ 4 ನಿಮಿಷ ಎಂದುಕೊಳ್ಳಿ. ಮುಂದೆ 180 ಜನರಿದ್ದರೆ ನಿಮ್ಮ ಪಾಳಿ ಅರ್ಧ ಗಂಟೆಗೆ ಬರುತ್ತದೆ. ಆದರೆ ಪ್ರತಿ ಸಲ 8 ಸೀಟು ಪಾಸಿನವರಿಗೆ ಹೋದರೆ ಮಾಮೂಲಿ ಸಾಲಿಗೆ ಉಳಿಯುವುದು 16. ಅದೇ 180 ಜನಕ್ಕೆ ಆಗ 45 ನಿಮಿಷ. ರಜೆಯ ದಿನ ಪಾಸು ಇಲ್ಲದವರಿಗೆ ಎರಡು ಕಡೆಯಿಂದ ಹೊಡೆತ ಬೀಳುವುದು ಹೀಗೆ: ಜನವೂ ಹೆಚ್ಚು, ಸೀಟೂ ಕಡಿಮೆ. ಶಿರಸಿ ಮಾರಿಕಾಂಬಾ ಜಾತ್ರೆಯ ತೊಟ್ಟಿಲಿಗೆ ಈ ಪದ್ಧತಿ ಇನ್ನೂ ಬಂದಿಲ್ಲ, ಪುಣ್ಯ.

ವಂಡರ್‌ಲಾದಲ್ಲಿ ನಿಜವಾದ ಕ್ಯೂ ಇರುವುದು ರಿಕಾಯಿಲ್‌ನಂಥ ದೊಡ್ಡ ಒಣ ರೈಡ್‌ಗಳಿಗೆ ಮತ್ತು ಕೆಲವು ನೀರಿನ ಜಾರುಬಂಡೆಗಳಿಗೆ. ವೇವ್ ಪೂಲ್, ರೈನ್ ಡಾನ್ಸ್‌ಗೆ ಕ್ಯೂವೇ ಇಲ್ಲ, ಪಾಸಿಗೆ ಅಲ್ಲಿ ಕೆಲಸವೂ ಇಲ್ಲ. ಮನೆಮಂದಿ ಅರ್ಧ ದಿನ ನೀರಲ್ಲೇ ಕಳೆಯುವವರಾದರೆ ದುಪ್ಪಟ್ಟು ದುಡ್ಡು ಉಳಿದ ಮೂರು ತಾಸಿಗಷ್ಟೇ. ಎತ್ತರವನ್ನೂ ಮನೆಯಲ್ಲೇ ಅಳೆದುಕೊಳ್ಳಿ. 140 ಸೆಂ.ಮೀ. ಆಗದ ಮಕ್ಕಳನ್ನು ದೊಡ್ಡ ರೈಡ್‌ಗಳಿಗೆ ಬಿಡುವುದಿಲ್ಲ, ಅವರಿಗೆ ಫಾಸ್ಟ್‌ಟ್ರ್ಯಾಕ್ ತೆಗೆಸಿದರೆ ಪೂರ್ತಿ ಪೋಲು. ಹಾಗೆಂದು ದೊಡ್ಡವರಲ್ಲಿ ಅರ್ಧ ಜನಕ್ಕೆ ಮಾತ್ರ ಪಾಸು ತೆಗೆದರೂ ಆಗದು. ಪಾಸಿನವರು ಇಳಿದು ಬಂದು ಹೊರಗೆ ಉಳಿದವರಿಗಾಗಿ ಕಾಯುತ್ತಾರೆ, ಉಳಿಸಿದ ಹೊತ್ತು ಅಲ್ಲಿಗೆ ಮುಗಿಯಿತು. ಯಾವ ರೈಡ್‌ಗೆ ಪಾಸು ಎಷ್ಟು ಸಲ ನಡೆಯುತ್ತದೆ ಎಂಬುದನ್ನು ಬುಕಿಂಗ್ ಪುಟದ ನಿಯಮದಲ್ಲಿ ಓದಿಯೇ ದುಡ್ಡು ಕಟ್ಟಿ.

ಮಾಮೂಲಿ ಟಿಕೆಟ್ಟಿನಲ್ಲೇ ದಿನ ಸಾಗಿಸುವ ಉಪಾಯ ಹೀಗಿದೆ. ಗೇಟಿನ ಹತ್ತಿರದ ರೈಡ್‌ಗೆ ಎಲ್ಲರೂ ನುಗ್ಗುತ್ತಾರೆ, ನೀವು ಅದನ್ನು ದಾಟಿ ನೇರ ದೊಡ್ಡ ಕೋಸ್ಟರ್‌ಗೆ ನಡೆಯಿರಿ. ನೀರಿನ ರೈಡ್‌ಗಳು ಶುರುವಾದೊಡನೆ ಜನ ಅತ್ತ ಹರಿಯುತ್ತದೆ, ಒಣ ರೈಡ್‌ಗಳ ಸಾಲು ಆಗಲೇ ಕರಗುವುದು. ಒಣ ರೈಡ್‌ಗಳನ್ನೆಲ್ಲ ಮುಗಿಸಿಯೇ ನೀರಿಗಿಳಿಯಿರಿ, ಯಾಕೆಂದರೆ ಒದ್ದೆ ಬಟ್ಟೆಯಲ್ಲಿ ಮತ್ತೆ ಇತ್ತ ಬರುವುದು ಕಷ್ಟ. ನೀರಿಗೆ ಹತ್ತಿ ಬಟ್ಟೆ ನಡೆಯದು, ನೈಲಾನಿನದು ಮನೆಯಿಂದಲೇ ಒಯ್ಯಿ. ಬಟ್ಟೆ ಅಂಗಡಿಯ ಕ್ಯೂಗೆ, ಲಾಕರ್ ಕ್ಯೂಗೆ ಯಾವ ಪಾಸೂ ಇಲ್ಲ.

ವಾರದ ದಿನ ಖಾಲಿ ಇರುತ್ತದೆ ಎಂಬ ಮಾತು ನವೆಂಬರ್‌ನಿಂದ ಜನವರಿವರೆಗೆ ಸುಳ್ಳು. ಅದು ಶಾಲಾ ಪ್ರವಾಸದ ಕಾಲ. ಆ ತಿಂಗಳುಗಳಲ್ಲಿ, ದಸರಾ ರಜೆಯಲ್ಲಿ, ಮೇ ತಿಂಗಳ ಶನಿವಾರ-ಭಾನುವಾರಗಳಲ್ಲಿ ರೈಡ್ ಹುಚ್ಚಿನ ಕಾಲೇಜು ಹುಡುಗರಿಗೆ ಫಾಸ್ಟ್‌ಟ್ರ್ಯಾಕ್ ಅಡ್ಡಿಲ್ಲ. ಜುಲೈನ ಮಂಗಳವಾರ ಹೋಗುವವರಿಗೆ ಖಂಡಿತ ಬೇಡ.

ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್‌ನ ಎಕ್ಸ್‌ಪ್ರೆಸ್ ಪ್ರವೇಶ ಟಿಕೆಟ್ಟಿನ ಮೇಲೆ ಪ್ರತ್ಯೇಕವಾಗಿ ಕೊಳ್ಳುವಂಥದ್ದು, ದರ ದಿನಕ್ಕೊಂದು. ಸಾದಾ ಎಕ್ಸ್‌ಪ್ರೆಸ್ ಪಟ್ಟಿಯಲ್ಲಿರುವ ಪ್ರತಿ ರೈಡ್‌ಗೆ ಒಂದು ಸಲ, ಅನ್‌ಲಿಮಿಟೆಡ್ ಬೇಕಾದಷ್ಟು ಸಲ. ಸಾದಾ ಸಾಕು. ಪಾರ್ಕ್ ಚಿಕ್ಕದು, ಒಂದೇ ಕೋಸ್ಟರನ್ನು ನಾಲ್ಕು ಸಲ ಹತ್ತುವ ಹಟ ಇದ್ದವರಿಗಷ್ಟೇ ಅನ್‌ಲಿಮಿಟೆಡ್. ಮೂರನೆಯ ದಾರಿ ಪುಕ್ಕಟೆ: ಟ್ರಾನ್ಸ್‌ಫಾರ್ಮರ್ಸ್‌ನಂಥ ರೈಡ್‌ಗೆ ಸಿಂಗಲ್ ರೈಡರ್ ಸಾಲಿದೆ, ಗುಂಪುಗಳ ನಡುವೆ ಉಳಿದ ಒಂಟಿ ಸೀಟು ಅಲ್ಲಿ ಸಿಗುತ್ತದೆ. ಜೊತೆಗೆ ಕೂರುವ ಆಸೆ ಬಿಟ್ಟರೆ ಸಾಕು. ಮಿಂಚು ಬಂದರೆ ಹೊರಗಿನ ರೈಡ್‌ಗಳು ನಿಲ್ಲುತ್ತವೆ, ಆಗ ಎಕ್ಸ್‌ಪ್ರೆಸ್ ಇದ್ದವರೂ ಕಾಯಬೇಕು.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ಶಿರಸಿ-ಸಿದ್ದಾಪುರದ ಅಪ್ಪ-ಅಮ್ಮಂದಿರಿಗೆ ಎದುರಾಗುವುದು ಡಿಸ್ನಿ ಪಾರ್ಕುಗಳ ಸ್ಲಾಟ್ ಪದ್ಧತಿ, ಅಂದರೆ ರೈಡ್‌ಗೆ ಮೊದಲೇ ಸಮಯ ಕಾದಿರಿಸುವುದು. 1999ರಲ್ಲಿ ಪುಕ್ಕಟೆ ಫಾಸ್ಟ್‌ಪಾಸ್ ಆಗಿ ಶುರುವಾದದ್ದು ಫ್ಲೋರಿಡಾದಲ್ಲಿ 2021ರಿಂದ ದುಡ್ಡಿನದಾಯಿತು, 2024ರಿಂದ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್. ಡಿಸ್ನಿಯದೇ ಹೋಟೆಲಿನಲ್ಲಿ ಉಳಿದವರಿಗೆ 7 ದಿನ ಮುಂಚೆ, ಹೊರಗಿನವರಿಗೆ 3 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ. ಮೊದಲಿಗೆ ಮೂರು ರೈಡ್ ಹಿಡಿಯಬಹುದು, ಒಂದೊಂದಕ್ಕೂ ಒಂದು ಗಂಟೆಯ ಅವಧಿ. ಒಂದನ್ನು ಬಳಸಿದ ಮೇಲೆಯೇ ಮುಂದಿನದು ಸಿಗುವುದು. ಅದಕ್ಕೇ ಮೂರನ್ನೂ ಸಂಜೆಗೆ ಇಟ್ಟುಕೊಂಡರೆ ದಿನವಿಡೀ ಕೈಕಟ್ಟಿ ಕೂರಬೇಕು. ಒಂದಾದರೂ ಗೇಟು ತೆರೆದ ಮೊದಲ ತಾಸಿನದಿರಲಿ. ಟ್ರಾನ್‌ನಂಥ ಬೇಡಿಕೆಯ ರೈಡ್ ಇದರಲ್ಲಿ ಬರುವುದಿಲ್ಲ, ಅದಕ್ಕೆ ಬೇರೆ ಸಿಂಗಲ್ ಪಾಸ್. ಮೂರು ಪಾರ್ಕುಗಳ ಪಾಸುಗಳಲ್ಲಿ ಹೆಚ್ಚು ತಲೆ ತಿನ್ನುವುದು ಇದೇ: ದಿನವಿಡೀ ಫೋನ್ ನೋಡುತ್ತಿರಬೇಕು, ಪವರ್ ಬ್ಯಾಂಕ್ ಮರೆತರೆ ಮಧ್ಯಾಹ್ನದ ಹೊತ್ತಿಗೆ ಸ್ಲಾಟೂ ಇಲ್ಲ, ಫೋನೂ ಇಲ್ಲ.