ಕನ್ನಡ ಕೀಲಿಮಣೆಯಲ್ಲಿ ಮೇಲ್ ಹುಡುಕಾಟ: ಥಂಡರ್‌ಬರ್ಡ್, ಮಟ್

ಥಂಡರ್‌ಬರ್ಡ್, ಮಟ್ ಎರಡೂ ಕಂಪ್ಯೂಟರಿನಲ್ಲಿ ಮೇಲ್ ಓದುವ ತಂತ್ರಾಂಶಗಳು. ನನ್ನ ಮತ ಥಂಡರ್‌ಬರ್ಡ್‌ಗೆ. ಅದಕ್ಕೆ ಕಾರಣ ಅದರ ಹುಡುಕಾಟದ ಶಾರ್ಟ್‌ಕಟ್‌ಗಳು. ದಿನವಿಡೀ ಕನ್ನಡ ಲೇಖನಗಳ ಕರಡುಗಳು ಮೇಲ್‌ನಲ್ಲಿ ಬಂದು ಬೀಳುವ ಕೆಲಸ ನನ್ನದು. ಹಾಗಾಗಿ ಕೀಲಿಗಳಿಗೆ ಕನ್ನಡ ಅಕ್ಷರ ಹೊಂದಿಸುವ ಇನ್‌ಸ್ಕ್ರಿಪ್ಟ್ ಲೇಔಟ್ ಸದಾ ಆನ್ ಇರುತ್ತದೆ.

ಮಟ್ ಓಡುವುದು ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪಿಸುವ ಬರಹದ ಕಿಟಕಿಯಲ್ಲಿ. ಅದರಲ್ಲಿ ಹೆಚ್ಚಿನ ಆಜ್ಞೆಗಳಿಗೆ ಒಂಟಿ ಕೀಲಿ ಸಾಕು. ಸ್ಲ್ಯಾಷ್ ಒತ್ತಿದರೆ ಹುಡುಕಾಟ, ಎಲ್ ಒತ್ತಿದರೆ ಪಟ್ಟಿ ಸೋಸುವುದು. ಇಂಗ್ಲಿಷ್‌ನಲ್ಲಿ ಇದಕ್ಕಿಂತ ಚುರುಕಾದದ್ದು ಇಲ್ಲ. ಆದರೆ ಇನ್‌ಸ್ಕ್ರಿಪ್ಟ್‌ನಲ್ಲಿ ಎಲ್ ಕೀಲಿ ಒತ್ತಿದರೆ ಬರುವುದು ‘ತ’, ಸ್ಲ್ಯಾಷ್ ಒತ್ತಿದರೆ ‘ಯ’. ಆ ಅಕ್ಷರಗಳು ಮಟ್‌ಗೆ ಆಜ್ಞೆಗಳೇ ಅಲ್ಲ.

ಆದ್ದರಿಂದ ಮೊದಲು ಇಂಗ್ಲಿಷ್‌ಗೆ ಬದಲಿಸಿ ಎಲ್ ಒತ್ತಬೇಕು. ವಿಷಯದ ಸಾಲಿನಲ್ಲಿ ನೋಡು ಎನ್ನಲು ಟಿಲ್ಡೆ (~), ಎಸ್ ಟೈಪಿಸಬೇಕು. ಆಮೇಲೆ ಕನ್ನಡಕ್ಕೆ ಮರಳಿ ‘ಕಥಾಸ್ಪರ್ಧೆ’ ಎಂದು ಬರೆದು ಎಂಟರ್ ಒತ್ತಬೇಕು. ಪೂರ್ತಿ ಪಟ್ಟಿ ವಾಪಸ್ ಬೇಕೇ? ಮತ್ತೆ ಇಂಗ್ಲಿಷ್, ಮತ್ತೆ ಎಲ್, ‘ಆಲ್’, ಎಂಟರ್. ಹುಡುಕುವುದಕ್ಕಿಂತ ಲೇಔಟ್ ಬದಲಿಸುವುದೇ ಹೆಚ್ಚಾಗುತ್ತದೆ. ಯಾವ ಲೇಔಟ್‌ನಲ್ಲಿದ್ದೇನೆ ಎಂದು ನೋಡಿಕೊಳ್ಳುವಷ್ಟರಲ್ಲಿ ಏನು ಹುಡುಕುತ್ತಿದ್ದೆ ಎಂಬುದೇ ಮರೆತಿರುತ್ತದೆ.

ಥಂಡರ್‌ಬರ್ಡ್‌ನಲ್ಲಿ ಕಂಟ್ರೋಲ್-ಶಿಫ್ಟ್-ಕೆ ಒತ್ತಿದರೆ ಸೋಸುಪಟ್ಟಿ, ಅಂದರೆ ಮೇಲ್ ಸೋಸಲು ಪದ ಟೈಪಿಸುವ ಜಾಗ, ಸಿದ್ಧ. ಕಂಟ್ರೋಲ್ ಜೊತೆಗಿರುವುದರಿಂದ ಕನ್ನಡ ಲೇಔಟ್ ಇದ್ದರೂ ಕೆ ಕೀಲಿ ಕೆ ಆಗಿಯೇ ಕೆಲಸ ಮಾಡುತ್ತದೆ. ನೇರವಾಗಿ ಕನ್ನಡದಲ್ಲಿ ಟೈಪಿಸುತ್ತ ಹೋದಂತೆ ಪಟ್ಟಿ ಕಿರಿದಾಗುತ್ತದೆ. ಎಸ್ಕೇಪ್ ಒತ್ತಿದರೆ ಎಲ್ಲ ಮೊದಲಿನಂತೆ. ಪಿನ್ ಗುರುತು ಒತ್ತಿಟ್ಟರೆ ಬೇರೆ ಫೋಲ್ಡರಿಗೆ ಹೋದರೂ ಸೋಸುವಿಕೆ ಉಳಿಯುತ್ತದೆ. ಎಲ್ಲ ಫೋಲ್ಡರುಗಳಲ್ಲಿ ಹುಡುಕಲು ಕಂಟ್ರೋಲ್-ಕೆ, ತೆರೆದ ಮೇಲ್‌ನೊಳಗೆ ಹುಡುಕಲು ಕಂಟ್ರೋಲ್-ಎಫ್.

ಮೈಕ್ರೋಸಾಫ್ಟ್‌ನ ಔಟ್‌ಲುಕ್‌ನಿಂದ ಬರುವವರು ಗಮನಿಸಿ: ಅದರ ಹಳೆಯ, ಕ್ಲಾಸಿಕ್ ರೂಪದಲ್ಲಿ ಕಂಟ್ರೋಲ್-ಎಫ್ ಎಂದರೆ ಫಾರ್ವರ್ಡ್. ಹುಡುಕಾಟಕ್ಕೆ ಅಲ್ಲಿ ಕಂಟ್ರೋಲ್-ಇ.

ಮೇಲ್ ತಂತ್ರಾಂಶ ಕಟ್ಟುವವರಲ್ಲಿ ನನ್ನದೊಂದೇ ಕೋರಿಕೆ: ಒಂಟಿ ಅಕ್ಷರದ ಶಾರ್ಟ್‌ಕಟ್ ಇಡುವುದಾದರೆ ಅದೇ ಕೆಲಸಕ್ಕೆ ಕಂಟ್ರೋಲ್ ಸೇರಿದ ಇನ್ನೊಂದನ್ನೂ ಇಡಿ. ಇಂಗ್ಲಿಷೇತರ ಲೇಔಟ್‌ನಲ್ಲಿ ಟೈಪಿಸುವವರೆಲ್ಲರಿಗೂ ಅದು ಬೇಕು.

ಮಟ್‌ನ ಹೆಚ್ಚುಗಾರಿಕೆಯೂ ಇದೆ. ಇಂಥವರು ಕಳಿಸಿದ್ದು, ಕಳೆದ ವಾರದೊಳಗಿನದು ಎಂಬ ಎರಡು ಷರತ್ತನ್ನು ಒಂದೇ ಸಾಲಿನಲ್ಲಿ ಕೊಡಬಹುದು. ಥಂಡರ್‌ಬರ್ಡ್‌ನ ಸೋಸುಪಟ್ಟಿಗೆ ದಿನಾಂಕದ ಲೆಕ್ಕ ಬಾರದು, ಅದಕ್ಕೆ ಕಂಟ್ರೋಲ್-ಶಿಫ್ಟ್-ಎಫ್ ಒತ್ತಿ ಬೇರೆ ಕಿಟಕಿ ತೆರೆಯಬೇಕು.

ಎರಡಕ್ಕೂ ಕಾಸು ಕೊಡಬೇಕಿಲ್ಲ. ಇಂಗ್ಲಿಷ್ ಮೇಲ್‌ಗಳೇ ಹೆಚ್ಚು, ಟರ್ಮಿನಲ್‌ನಲ್ಲೇ ಕೆಲಸ ಎನ್ನುವವರು ಮಟ್ ಹಾಕಿಕೊಳ್ಳಿ. ನನ್ನ 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್‌ಗೆ ಥಂಡರ್‌ಬರ್ಡ್ ತುಸು ಭಾರವೇ. ಹೊಸದು ಕೊಳ್ಳುವಷ್ಟು ದುಡ್ಡು ಸದ್ಯಕ್ಕಿಲ್ಲ, ಬ್ರೌಸರ್ ಮುಚ್ಚಿ ಇದನ್ನೇ ತೆರೆದಿಡುತ್ತೇನೆ.