ಇಂಗ್ಲಿಷ್ ಪದಗಳ ಕೊನೆ ಕಲಿಸುವ ಕೋರ್ಸು: ಪಾಠಗಳು ಚೆನ್ನಾಗಿವೆ, ಆ್ಯಪ್ ಚೆನ್ನಾಗಿಲ್ಲ

ಇಂಗ್ಲಿಷ್ ಉಚ್ಚಾರಣೆಯಲ್ಲಿ ಪದಗಳ ಕೊನೆಯನ್ನು ಮಾತ್ರ ಕಲಿಸುವ ಒಂದು ಆನ್‌ಲೈನ್ ಕೋರ್ಸನ್ನು ಈಚೆಗೆ ಮುಗಿಸಿದೆ. ಹನ್ನೆರಡು ವಿಡಿಯೋ ಪಾಠ, ಕೇಳಿ ಹೇಳುವ ಅಭ್ಯಾಸ, ಜೊತೆಗೆ ನಾವು ಹೇಳಿದ್ದಕ್ಕೆ ಅಂಕ ಕೊಡುವ ಆ್ಯಪ್. ದೂರುಗಳೂ ಇರುವುದರಿಂದ ಹೆಸರು ಹಾಕುತ್ತಿಲ್ಲ. ಇಂಥ ಕೋರ್ಸು ಹುಡುಕುವವರಿಗೆ ಒಳಗೆ ಏನಿರಬೇಕು ಅಂತ ಗೊತ್ತಾದರೆ ಸಾಕು.

ನಾನು ಇದಕ್ಕೆ ಸೇರಿದ್ದಕ್ಕೆ ಒಂದು ಫೋನ್ ಮೀಟಿಂಗ್ ಕಾರಣ. 'ವಿ ಚೆಕ್ಟ್ ಇಟ್ ಎವ್ರಿ ಡೇ' ಅನ್ನಬೇಕಿತ್ತು. ಆಗ ದಿನಾ ನೋಡುತ್ತಿದ್ದೆವು, ಈಗ ನಿಲ್ಲಿಸಿದ್ದೇವೆ ಅಂತ ಅರ್ಥ. ನನ್ನ ಬಾಯಲ್ಲಿ ಆ 'ಟ್' ಬರಲೇ ಇಲ್ಲ. ಆ ಕಡೆಯವರು ನಾವು ಈಗಲೂ ದಿನಾ ನೋಡುತ್ತಿದ್ದೇವೆ ಅಂದುಕೊಂಡು ಮುಂದಿನ ಕೆಲಸವನ್ನೆಲ್ಲ ಅದರ ಮೇಲೆಯೇ ಲೆಕ್ಕ ಹಾಕಿಬಿಟ್ಟರು. ಒಂದು ಸಣ್ಣ ಸದ್ದು ಬಿಟ್ಟಿದ್ದಕ್ಕೆ ಇಷ್ಟೆಲ್ಲ ಆಯಿತಲ್ಲ ಅಂತ ತುಂಬಾ ಬೇಜಾರಾಯಿತು.

ಕೋರ್ಸಿನ ಜೀವ ಇರುವುದು ಎರಡನೇ ಪಾಠದಲ್ಲಿ. ಇ ಮತ್ತು ಡಿ ಸೇರಿಸಿ ಬರೆಯುವ ಭೂತಕಾಲದ ಕೊನೆಗೆ ಮೂರು ಉಚ್ಚಾರಣೆ ಇವೆ. 'ವರ್ಕ್ಟ್', 'ವಾಷ್ಟ್', 'ಲಾಫ್ಟ್' ಇವುಗಳಲ್ಲಿ ಅದು 'ಟ್'. 'ಪ್ಲೇಡ್', 'ಕಾಲ್ಡ್', 'ಲವ್ಡ್' ಇವುಗಳಲ್ಲಿ 'ಡ್'. ಮೂಲ ಪದವೇ ಟಕಾರ ಅಥವಾ ಡಕಾರದಲ್ಲಿ ಮುಗಿದರೆ ಮಾತ್ರ ಒಂದು ಸ್ವರ ಹೆಚ್ಚಾಗಿ 'ವಾಂಟಿಡ್', 'ನೀಡಿಡ್' ಆಗುತ್ತದೆ. ನಾನು ಇಷ್ಟು ವರ್ಷ 'ವಾಚೆಡ್', 'ಆಸ್ಕೆಡ್' ಅನ್ನುತ್ತಿದ್ದೆ. ಬರಹ ನೋಡಿ ಕಲಿತವರಿಗೆ ಹಾಗೇ ಬರುತ್ತದೆ, ಅಲ್ವಾ? ಇಲ್ಲಿ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದಿಲ್ಲ. ಗಂಟಲ ಮೇಲೆ ಬೆರಳಿಟ್ಟು ಪದದ ಕೊನೆಯ ಸದ್ದು ಹೇಳಿ ಅನ್ನುತ್ತಾರೆ. ಗಂಟಲು ನಡುಗಿದರೆ 'ಡ್', ನಡುಗದಿದ್ದರೆ 'ಟ್'. ಕನ್ನಡ ಓದಬಲ್ಲವರಿಗೆ ಇದು ಇನ್ನೂ ಸುಲಭ, ಯಾಕೆಂದರೆ ನಮ್ಮ ವರ್ಣಮಾಲೆಯ ಸಾಲುಗಳಲ್ಲಿ ಕ, ಚ, ಪ ಮೊದಲು ಬಂದು ಗ, ಜ, ಬ ಆಮೇಲೆ ಬರುವುದೂ ಇದೇ ನಡುಕದ ವ್ಯತ್ಯಾಸದಿಂದ. 'ನೇಕಿಡ್', 'ವಿಕಿಡ್' ಥರದ ನಾಲ್ಕಾರು ಪದಗಳು ಈ ನಿಯಮಕ್ಕೆ ಸಿಗುವುದಿಲ್ಲ, ಅವನ್ನು ಹಾಗೇ ನೆನಪಿಟ್ಟುಕೊಳ್ಳಬೇಕು.

ಮೂರನೇ ಪಾಠ ಬಹುವಚನದ್ದು. 'ಕ್ಯಾಟ್ಸ್', 'ಡಾಗ್ಜ಼್', 'ಬಸಿಜ಼್'. ಇಲ್ಲೂ ಅದೇ ಗಂಟಲಿನ ಲೆಕ್ಕ. ಆದರೆ ನಾನು ಮತ್ತೆ ಮತ್ತೆ ಕೇಳಿದ್ದು ಸ್ವರದ ಉದ್ದದ ಬಗ್ಗೆ ಹೇಳಿದ ಭಾಗವನ್ನು. 'ಐಸ್' ಅನ್ನುವಾಗ 'ಐ' ಗಿಡ್ಡ, ಕಣ್ಣುಗಳು ಅನ್ನುವ ಅರ್ಥದ 'ಐಜ಼್' ಅನ್ನುವಾಗ ಅದೇ 'ಐ' ಎಳೆಯುತ್ತದೆ. 'ಬ್ಯಾಕ್' ಗಿಡ್ಡ, 'ಬ್ಯಾಗ್' ಉದ್ದ. ಇಂಗ್ಲಿಷ್ ಮನೆಮಾತಿನವರು ಕೊನೆಯ 'ಗ್' ಅನ್ನು ಎಷ್ಟೋ ಸಲ ಪೂರ್ತಿ ಬಿಡಿಸಿ ಹೇಳುವುದೇ ಇಲ್ಲ, ಕೇಳುವವರಿಗೆ ಹಿಂದಿನ ಸ್ವರದ ಉದ್ದದಿಂದಲೇ ಯಾವ ಪದ ಅಂತ ಗೊತ್ತಾಗುತ್ತದೆ. ಕೊನೆ ಸರಿಹೋಗಲು ಅದರ ಹಿಂದಿನ ಸ್ವರ ಸರಿಮಾಡಬೇಕು ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

'ಸ್ಟೇಶನ್', 'ಪಿಕ್ಚರ್' ಥರದ ಪದಗಳ ಕೊನೆಗೆ ಬರುವ 'ಶನ್', 'ಚರ್' ಪಾಠಗಳು ನಮಗೆ ಅಷ್ಟು ಬೇಕಿಲ್ಲ, ಅವು ಈಗಾಗಲೇ ಬಾಯಲ್ಲಿ ಕೂತಿವೆ. 'ವಿಲೇಜ್', 'ಮೆಸೇಜ್', 'ಮೌಂಟೇನ್' ಅನ್ನುವವರು ಮಾತ್ರ ಏಳನೇ ಪಾಠ ಬಿಡಬೇಡಿ. ಅಲ್ಲಿ ಒತ್ತು ಪದದ ಮೊದಲಿಗೆ ಬೀಳುವುದರಿಂದ ಕೊನೆಯ ಸ್ವರ ಕುಗ್ಗಿ 'ವಿಲಿಜ್', 'ಮೆಸಿಜ್', 'ಮೌಂಟನ್' ಆಗುತ್ತದೆ. 'ಮೇಂಟೇನ್'ನಲ್ಲಿ ಒತ್ತು ಕೊನೆಗೇ ಇರುವುದರಿಂದ 'ಟೇನ್' ಹಾಗೇ ಉಳಿಯುತ್ತದೆ.

ಇನ್ನು ದೂರು. ನಮ್ಮ ದೊಡ್ಡ ತೊಂದರೆಯ ಬಗ್ಗೆ ಕೋರ್ಸಿನಲ್ಲಿ ಒಂದು ಮಾತೂ ಇಲ್ಲ. ವ್ಯಂಜನದಲ್ಲಿ ಮುಗಿಯುವ ಪದ ಸಿಕ್ಕರೆ ನಾವು ಒಂದು 'ಉ' ಸೇರಿಸಿಬಿಡುತ್ತೇವೆ. ಬಸ್ಸು, ಬುಕ್ಕು, ಕಾರು. ಇದು ಹೊಸ ಅಭ್ಯಾಸವೂ ಅಲ್ಲ. ಹಳಗನ್ನಡದ 'ಪಾಲ್' ಹಾಲು ಆಗಿದ್ದು, 'ಕಲ್' ಕಲ್ಲು ಆಗಿದ್ದು ಹೀಗೇ. ಕನ್ನಡದಲ್ಲಿ ಅದು ಚೆಂದ, ಇಂಗ್ಲಿಷ್ ಮಾತಾಡುವಾಗ ಮಾತ್ರ ಅದನ್ನು ಬೇಕಂತಲೇ ತಡೆಯಬೇಕು. ನನಗೆ ದಾರಿ ತೋರಿಸಿದ್ದು ಹನ್ನೆರಡನೇ ಪಾಠ. ಕೊನೆಯ ವ್ಯಂಜನವನ್ನು ಮುಂದಿನ ಪದದ ಸ್ವರಕ್ಕೆ ಅಂಟಿಸಿ ಹೇಳುವುದನ್ನು ಅಲ್ಲಿ ಕಲಿಸುತ್ತಾರೆ. 'ಚೆಕ್ಟ್ ಇಟ್' ಅನ್ನುವುದು 'ಚೆಕ್-ಟಿಟ್' ಆಗುತ್ತದೆ. ಹೀಗೆ ಅಂಟಿಸಿದರೆ 'ಟ್' ಬಿದ್ದುಹೋಗುವುದಿಲ್ಲ, 'ಉ' ನುಸುಳಲು ಜಾಗವೂ ಇರುವುದಿಲ್ಲ. ಇಷ್ಟು ಮುಖ್ಯವಾದದ್ದನ್ನು ಕೊನೆಗೆ ಇಟ್ಟು ಎಂಟೇ ನಿಮಿಷದಲ್ಲಿ ಮುಗಿಸಿದ್ದಾರೆ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಆ್ಯಪ್ ಅನ್ನಂತೂ ನಂಬಬೇಡಿ. ಪರೀಕ್ಷೆ ಮಾಡೋಣ ಅಂತ 'ಬುಕ್ಕು' ಅಂದೆ, ಪೂರ್ತಿ ಅಂಕ ಕೊಟ್ಟಿತು. ಸರಿಯಾಗಿ 'ಆಸ್ಕ್ಟ್' ಅಂದರೆ ತಪ್ಪು ಅಂದಿತು, ಅದೂ ನಾಲ್ಕು ಸಲ. ಬಿಡಿ ಪದ ಬಿಟ್ಟು ವಾಕ್ಯ ಕೇಳುವುದೇ ಇಲ್ಲ. ಎರಡು ವಾರ ಸುಮ್ನೆ ಅದರ ಜೊತೆ ಗುದ್ದಾಡಿ, ಆಮೇಲೆ ಫೋನಿನಲ್ಲಿ ನನ್ನ ಧ್ವನಿ ರೆಕಾರ್ಡ್ ಮಾಡಿಕೊಂಡು ಪಾಠದ ಆಡಿಯೋ ಜೊತೆ ಹೋಲಿಸಲು ಶುರುಮಾಡಿದೆ. ಸುಧಾರಣೆ ಕಂಡಿದ್ದು ಅಲ್ಲಿಂದ.

ಇಂಥ ಕೋರ್ಸು ತೆಗೆದುಕೊಂಡರೆ ಎರಡನೇ ಪಾಠ ಮುಗಿಸಿದ ಕೂಡಲೇ ಕೊನೆಯ ಪಾಠಕ್ಕೆ ಹೋಗಿ, ಆಮೇಲೆ ಮೂರಕ್ಕೆ ಬನ್ನಿ. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ, ಹೋದ ಒಂದು ಆ್ಯಪಿನ ಲೆಕ್ಕಕ್ಕೆ.